ಚಲನ್ ಬಂದಿದೆ, ಈಗೇನು ಮಾಡಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಸವಾರರಿಗೊಂದು ಮಾರ್ಗದರ್ಶಿ

ಸಂಚಾರ ದಂಡದ ಚಲನ್ ಕುರಿತು ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. ಇದನ್ನು ಎಲ್ಲಿ ಕಟ್ಟಬೇಕು, ಕಟ್ಟದೆ ಬಿಟ್ಟರೆ ಏನಾಗುತ್ತದೆ, ಆ ದಿನ ನಾನು ಆ ಊರಿಗೇ ಹೋಗಿರಲಿಲ್ಲವಲ್ಲ, ನನಗೇಕೆ ಬಂತು? ರಾಯಚೂರಿನ ತೀನ್ ಕಂದೀಲ್‌ನಲ್ಲಿ ಕೈಗೆ ಚೀಟಿ ಕೊಟ್ಟಿರಲಿ, ಬಳ್ಳಾರಿಯ ರಾಯಲ್ ಸರ್ಕಲ್ ದಾಟಿದ ಎರಡು ದಿನಕ್ಕೆ ಮೊಬೈಲಿಗೆ ಸಂದೇಶ ಬಂದಿರಲಿ, ಮುಂದಿನ ದಾರಿ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅದನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಚಲನ್ ಎಂದರೇನು ಎಂಬುದನ್ನು ತಿಳಿದುಕೊಳ್ಳಬೇಕು, ಏಕೆಂದರೆ ಅರ್ಧ ಗೊಂದಲ ಹುಟ್ಟುವುದು ಅಲ್ಲಿಯೇ. ನೀವು ಮೋಟಾರು ವಾಹನ ಕಾಯ್ದೆ, 1988ರ ಇಂಥ ಕಲಂ ಅನ್ನು ಉಲ್ಲಂಘಿಸಿದ್ದೀರಿ ಎಂದು ಅಧಿಕಾರಿ ಮಾಡುವ ಲಿಖಿತ ಆರೋಪವೇ ಚಲನ್. ಕಲಂ ಎಂದರೆ ಕಾಯ್ದೆಯ ಸೆಕ್ಷನ್. ಅದೇ ಕಾಯ್ದೆಯ 200ನೇ ಕಲಂ ಪ್ರಕಾರ ಕೆಲವು ಅಪರಾಧಗಳನ್ನು ನ್ಯಾಯಾಲಯಕ್ಕೆ ಒಯ್ಯದೆ, ಸರ್ಕಾರ ಗೊತ್ತುಪಡಿಸಿದ ಮೊತ್ತವನ್ನು ಕಟ್ಟಿಸಿಕೊಂಡು ಮುಗಿಸಬಹುದು. ಇದನ್ನು ರಾಜಿ ದಂಡ ಎನ್ನುತ್ತಾರೆ. ಆದ್ದರಿಂದ ಚಲನ್ ಕೈಗೆ ಬಂದಾಗ ನಿಮ್ಮ ಮುಂದೆ ಎರಡು ದಾರಿಗಳಿರುತ್ತವೆ: ತಪ್ಪೊಪ್ಪಿ ರಾಜಿ ದಂಡ ಕಟ್ಟುವುದು, ಇಲ್ಲವೇ ಒಪ್ಪದೆ ನ್ಯಾಯಾಲಯದಲ್ಲಿ ಹೇಳಿಕೊಳ್ಳುವುದು. ಮೂರನೆಯದಾದ ಸುಮ್ಮನಿರುವ ದಾರಿಯನ್ನು ನಮ್ಮಲ್ಲಿ ಬಹಳ ಜನ ಹಿಡಿಯುತ್ತಾರೆ, ಆದರೆ ಕಾಯ್ದೆಯಲ್ಲಿ ಅಂಥದ್ದೊಂದು ದಾರಿ ಇಲ್ಲ.

ಕೈಯಲ್ಲಿ ಇಟ್ಟುಕೊಳ್ಳಬೇಕಾದವು

ವಾಹನದ ಆರ್‌ಸಿ (ನೋಂದಣಿ ಪತ್ರ), ಅದರಲ್ಲಿರುವ ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಐದು ಅಂಕಿಗಳು, ಚಾಲನಾ ಪರವಾನಗಿ, ಚಲನ್ ಸಂಖ್ಯೆ ಮತ್ತು ಒಟಿಪಿ ಬರುವ ಮೊಬೈಲ್. ಈ ಕೊನೆಯದರಲ್ಲಿಯೇ ತೊಡಕಿರುವುದು. ಹತ್ತು ವರ್ಷಗಳ ಹಿಂದೆ ಗಾಡಿ ಕೊಂಡಾಗ ನೋಂದಣಿಯ ಅರ್ಜಿಯಲ್ಲಿ ಶೋರೂಮಿನ ಹುಡುಗನ ಇಲ್ಲವೇ ಏಜೆಂಟನ ಮೊಬೈಲ್ ಸಂಖ್ಯೆಯನ್ನು ಬರೆದಿದ್ದರೆ, ನಿಮ್ಮ ಚಲನ್‌ಗಳ ಸಂದೇಶಗಳೆಲ್ಲ ಇಂದಿಗೂ ಅವರಿಗೇ ಹೋಗುತ್ತಿರುತ್ತವೆ. ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದ ವಾಹನ ಸೇವೆಗಳ ವಿಭಾಗದಲ್ಲಿ ಮೊಬೈಲ್ ಸಂಖ್ಯೆಯನ್ನು ಬದಲಿಸಲು ಅವಕಾಶವಿದೆ. ಚಲನ್ ಬಂದಿರಲಿ, ಬರದಿರಲಿ, ಇದನ್ನು ಈ ವಾರವೇ ಮಾಡಿ ಮುಗಿಸಿ.

ಹಂತ 1: ಸಂದೇಶ ನಿಜವಾದದ್ದೇ ಎಂದು ನೋಡಿ

ದಂಡ ಕಟ್ಟುವ ಮೊದಲು ಇದನ್ನು ಹೇಳುವುದಕ್ಕೆ ಕಾರಣವಿದೆ. ಈಚೆಗೆ ಚಲನ್ ಹೆಸರಿನ ವಂಚನೆ ಹಳ್ಳಿಗಳವರೆಗೂ ತಲುಪಿದೆ. ವಾಟ್ಸ್‌ಆ್ಯಪ್‌ನಲ್ಲಿ ಇಲಾಖೆಯ ಲಾಂಛನವಿರುವ ಸಂದೇಶವೊಂದು ಬರುತ್ತದೆ, ನಿಮ್ಮ ಗಾಡಿಯ ಸಂಖ್ಯೆಯನ್ನೂ ಅದು ಸರಿಯಾಗಿಯೇ ಹೇಳುತ್ತದೆ, ಚಲನ್ ನೋಡಲು ಕೆಳಗಿನ ಫೈಲ್ ತೆರೆಯಿರಿ ಎನ್ನುತ್ತದೆ. ಆ ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಚಲನ್ ಅಲ್ಲ, ಫೋನಿನೊಳಗೆ ಕುಳಿತು ನಿಮ್ಮ ಎಸ್‌ಎಂಎಸ್ ಮತ್ತು ಒಟಿಪಿಗಳನ್ನು ಓದುವ ಆ್ಯಪ್. ಸರ್ಕಾರ ಯಾವ ಚಲನ್ ಅನ್ನೂ ಆ್ಯಪ್ ಫೈಲಾಗಿ ಕಳುಹಿಸುವುದಿಲ್ಲ.

ಎಸ್‌ಎಂಎಸ್‌ನಲ್ಲಿ ಕೊಂಡಿ ಬಂದರೂ ಅದನ್ನು ಒತ್ತಬೇಡಿ. ಬ್ರೌಸರ್‌ನಲ್ಲಿ ನೀವೇ ಪರಿವಾಹನ್ ಇ-ಚಲನ್ ಜಾಲತಾಣವನ್ನು ತೆರೆಯಿರಿ. ಅಸಲಿ ತಾಣದ ವಿಳಾಸ ಪರಿವಾಹನ್, ಆಮೇಲೆ ಜಿಒವಿ, ಆಮೇಲೆ ಇನ್ ಎಂದು ಮುಗಿಯುತ್ತದೆ. ಜಿಒವಿ ಎಂಬ ಮೂರಕ್ಷರಗಳು ವಿಳಾಸದ ನಡುವೆ ಎಲ್ಲೋ ಇದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ನಕಲಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಕರೆ ಮಾಡುತ್ತೀರೋ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಹಂತ 2: ಬಾಕಿ ಎಷ್ಟಿದೆ ಎಂದು ಪೂರ್ತಿ ನೋಡಿ

ಇ-ಚಲನ್ ತಾಣದಲ್ಲಿ ಚಲನ್ ಸಂಖ್ಯೆ, ವಾಹನದ ಸಂಖ್ಯೆ, ಚಾಲನಾ ಪರವಾನಗಿಯ ಸಂಖ್ಯೆ ಈ ಮೂರರಲ್ಲಿ ಯಾವುದರಿಂದ ಬೇಕಾದರೂ ಹುಡುಕಬಹುದು. ಕೈಯಲ್ಲಿರುವುದು ಒಂದೇ ಚಲನ್ ಆಗಿದ್ದರೂ ವಾಹನದ ಸಂಖ್ಯೆಯಿಂದಲೇ ಹುಡುಕಿ, ಏಕೆಂದರೆ ನಿಮಗೆ ತಿಳಿಯದ ಹಳೆಯ ಚಲನ್‌ಗಳಿದ್ದರೆ ಅವೂ ಆಗ ಕಾಣುತ್ತವೆ. ಅನಂತರ ಪರವಾನಗಿಯ ಸಂಖ್ಯೆಯಿಂದ ಇನ್ನೊಮ್ಮೆ ನೋಡಿ. ಗೆಳೆಯನ ಗಾಡಿ ಓಡಿಸುವಾಗ ನಿಮ್ಮ ಪರವಾನಗಿಯ ಮೇಲೆ ಬರೆದ ಚಲನ್ ಅಲ್ಲಿರುತ್ತದೆ.

ನಮ್ಮ ಭಾಗದವರಿಗೆ ಇಲ್ಲಿ ಇನ್ನೊಂದು ಕೆಲಸವಿದೆ. ಕೃಷ್ಣೆ ದಾಟಿದರೆ ತೆಲಂಗಾಣ, ಬಳ್ಳಾರಿಯಿಂದ ಗುಂತಕಲ್ಲು, ಆದೋನಿ, ರಾಯದುರ್ಗಗಳಿಗೆ ಹೊರಟರೆ ಸ್ವಲ್ಪ ಹೊತ್ತಿಗೆ ಆಂಧ್ರ. ಆಸ್ಪತ್ರೆ, ಮದುವೆ, ವ್ಯಾಪಾರ ಎಂದು ಕೆಎ 34, ಕೆಎ 36, ಕೆಎ 37ರ ಗಾಡಿಗಳು ಗಡಿಯಾಚೆ ದಿನವೂ ಓಡಾಡುತ್ತವೆ. ತೆಲಂಗಾಣ ಪೊಲೀಸರಿಗೆ ಅವರದೇ ಇ-ಚಲನ್ ತಾಣವಿದೆ. ಹೈದರಾಬಾದಿನಲ್ಲಿ ಬಿದ್ದ ಚಲನ್ ಕೇಂದ್ರದ ತಾಣದಲ್ಲಿ ಕಾಣಲಿಲ್ಲವೆಂದು ಬಾಕಿ ಏನೂ ಇಲ್ಲ ಎಂದುಕೊಳ್ಳುವಂತಿಲ್ಲ. ನೀವು ಓಡಾಡುವ ನೆರೆರಾಜ್ಯದ ಪೊಲೀಸ್ ತಾಣದಲ್ಲಿ ಗಾಡಿಯ ಸಂಖ್ಯೆ ಹಾಕಿ ಪ್ರತ್ಯೇಕವಾಗಿ ನೋಡಬೇಕು. ಬೆಂಗಳೂರಿಗೆ ಹೋಗಿಬರುವವರು ಅಲ್ಲಿನ ಸಂಚಾರ ಪೊಲೀಸರ ತಾಣದಲ್ಲಿಯೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹಂತ 3: ಚಲನ್ ಅನ್ನು ಸಾಲುಸಾಲಾಗಿ ಓದಿ

ಮೊತ್ತ ನೋಡಿ ಬೈದು ಮಡಚಿಡುವವರೇ ಹೆಚ್ಚು. ಆದರೆ ಓದಬೇಕಾದದ್ದು ಮೊತ್ತದ ಮೇಲಿನ ಸಾಲುಗಳನ್ನು. ವಾಹನದ ಸಂಖ್ಯೆ, ವಾಹನದ ಬಗೆ, ದಿನಾಂಕ, ಸಮಯ, ಸ್ಥಳ, ಕಲಂ ಇವನ್ನು ಒಂದೊಂದಾಗಿ ನೋಡಿ. ಕ್ಯಾಮೆರಾ ಚಲನ್ ಆಗಿದ್ದರೆ ಚಿತ್ರವನ್ನು ತೆರೆದು ಹಿಗ್ಗಿಸಿ ನೋಡಿ.

ಹೀಗೆ ನೋಡುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಭತ್ತದ ನಾಟಿಯ ಕಾಲದಲ್ಲಿ ಸಿಂಧನೂರು, ಗಂಗಾವತಿ ಕಡೆಯ ಬೈಕುಗಳ ಹಿಂದಿನ ಫಲಕದ ಮೇಲೆ ಎರೆಮಣ್ಣು ಮೆತ್ತಿ ಒಣಗಿರುತ್ತದೆ. 8ರ ಎಡಬದಿಗೆ ಆ ಮಣ್ಣು ಕುಳಿತರೆ ಚಿತ್ರದಲ್ಲಿ ಅದು 3 ಆಗುತ್ತದೆ. ಆಗ ಎಲ್ಲೋ ಇರುವ 3ರ ಗಾಡಿಯವರಿಗೆ ಚಲನ್ ಹೋಗುತ್ತದೆ. ಆ 3ರವರು ನೀವಾಗಿದ್ದರೆ, ಚಿತ್ರದಲ್ಲಿರುವುದು ಕಪ್ಪು ಬೈಕು, ನಿಮ್ಮ ಆರ್‌ಸಿಯಲ್ಲಿರುವುದು ಬಿಳಿ ಸ್ಕೂಟರ್ ಎಂಬ ಒಂದೇ ಅಂಶ ಸಾಕು. ಚಿತ್ರ ನೋಡದೆ ಹಣ ಕಟ್ಟಿದವರಿಗೆ ಈ ಅವಕಾಶ ತಪ್ಪಿಹೋಗುತ್ತದೆ.

ಕ್ಯಾಮೆರಾ ಚಲನ್‌ಗಳಿಗೆ ಸಂಬಂಧಿಸಿದಂತೆ 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿತು. ಅದರಂತೆ ಅಪರಾಧ ನಡೆದ 15 ದಿನಗಳೊಳಗೆ ನೋಟಿಸ್ ಕಳುಹಿಸಬೇಕು, ವಾಹನದ ಸಂಖ್ಯೆ ಕಾಣುವ ಚಿತ್ರದ ಸಾಕ್ಷ್ಯವಿರಬೇಕು, ಚಲನ್ ಇತ್ಯರ್ಥವಾಗುವವರೆಗೆ ಆ ದಾಖಲೆಯನ್ನು ಉಳಿಸಬೇಕು. ದಿನಾಂಕಗಳನ್ನು ಹೋಲಿಸಿ ನೋಡುವುದು ಈ ಕಾರಣಕ್ಕಾಗಿ.

ಮೊತ್ತದ ಬಗ್ಗೆ ಒಂದು ಮಾತು. 2019ರ ಸೆಪ್ಟೆಂಬರ್ 1ರಂದು ತಿದ್ದುಪಡಿ ಕಾಯ್ದೆ ಜಾರಿಗೆ ಬಂದು ದಂಡಗಳೆಲ್ಲ ಏರಿದವು. ಅದೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ರಾಜಿಯಾಗಬಲ್ಲ ಕೆಲವು ಅಪರಾಧಗಳ ಮೊತ್ತವನ್ನು ಇಳಿಸಿತು. ಹೆಲ್ಮೆಟ್ ಇಲ್ಲದಿದ್ದರೆ ಕೇಂದ್ರ ಕಾಯ್ದೆಯಲ್ಲಿ ₹1,000, ಕರ್ನಾಟಕದಲ್ಲಿ ₹500. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ದಂಡದ ಪಟ್ಟಿಗಳು ಬಹುತೇಕ ಕೇಂದ್ರದವು, ಅವನ್ನು ಹಿಡಿದುಕೊಂಡು ಠಾಣೆಯಲ್ಲಿ ವಾದಿಸಬೇಡಿ. ಹಾಗೆಯೇ, ₹500 ಎಂಬುದನ್ನು ನೋಡಿ ಹಗುರ ಎಂದುಕೊಳ್ಳಬೇಡಿ. ಕಾಯ್ದೆಯ 194ಡಿ ಕಲಂ ಹೆಲ್ಮೆಟ್ ಇಲ್ಲದವರ ಪರವಾನಗಿಯನ್ನು ಮೂರು ತಿಂಗಳು ಅನರ್ಹಗೊಳಿಸುವ ಮಾತನ್ನೂ ಹೇಳುತ್ತದೆ. ತಲೆಯ ಅರ್ಧಕ್ಕೆ ಟೋಪಿಯಂತೆ ಕೂರುವ ಹೆಲ್ಮೆಟ್ ಕಾನೂನಿನ ಕಣ್ಣಿಗೆ ಹೆಲ್ಮೆಟ್ಟೇ ಅಲ್ಲ, ಐಎಸ್‌ಐ ಗುರುತಿನದೇ ಬೇಕು. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಪೂರ್ಣ ಹೆಲ್ಮೆಟ್ ಧರಿಸುವುದು ಎಷ್ಟು ಕಷ್ಟ ಎಂಬುದು ನನಗೂ ಗೊತ್ತಿದೆ. ಕಾಯ್ದೆಯಲ್ಲಿ ಬಿಸಿಲಿಗೆ ವಿನಾಯಿತಿ ಇಲ್ಲ.

ಹಂತ 4: ಒಪ್ಪುವಿರಾದರೆ ಕಟ್ಟಿ

ಇ-ಚಲನ್ ತಾಣದಲ್ಲಿಯೇ ಯುಪಿಐ, ಕಾರ್ಡ್ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಕಟ್ಟಬಹುದು. ಆನ್‌ಲೈನ್ ಒಗ್ಗದವರು ಚಲನ್ ಹಾಕಿದ ಸಂಚಾರ ಠಾಣೆಗೆ ಹೋಗಿ ಕಟ್ಟಬಹುದು. ಕರ್ನಾಟಕ ಒನ್ ಕೇಂದ್ರ ಹತ್ತಿರವಿದ್ದರೆ ಅಲ್ಲಿಯೂ ವಿಚಾರಿಸಿ. ಚಲನ್ ಹಾಕಿದ್ದು ಪೊಲೀಸರಲ್ಲದೆ ಆರ್‌ಟಿಒ ಇನ್‌ಸ್ಪೆಕ್ಟರ್ ಆಗಿದ್ದರೆ, ಹಣ ಸಾರಿಗೆ ಇಲಾಖೆಗೆ ಹೋಗಬೇಕಾದ್ದರಿಂದ ಠಾಣೆಯಲ್ಲಿ ಕಟ್ಟಿಸಿಕೊಳ್ಳುವುದಿಲ್ಲ. ಲಾರಿ, ಟಂಟಂ, ಶಾಲಾ ವಾಹನಗಳಿಗೆ ಇದು ಹೆಚ್ಚಾಗಿ ಅನ್ವಯವಾಗುತ್ತದೆ.

ಹಣ ಖಾತೆಯಿಂದ ಕಡಿತವಾಗಿದ್ದರೂ ತಾಣದಲ್ಲಿ ಬಾಕಿ ಎಂದೇ ತೋರಿಸುವುದು ಆಗಾಗ ನಡೆಯುತ್ತದೆ. ಕೂಡಲೇ ಎರಡನೆಯ ಸಲ ಕಟ್ಟಬೇಡಿ. ಬ್ಯಾಂಕಿನ ವಹಿವಾಟು ಸಂಖ್ಯೆಯನ್ನು ಬರೆದಿಟ್ಟುಕೊಂಡು, ಒಂದೆರಡು ದಿನ ಬಿಟ್ಟು ಚಲನ್‌ನ ಸ್ಥಿತಿಯನ್ನು ಮತ್ತೆ ನೋಡಿ. ಪಾವತಿಯಾಗಿದೆ ಎಂದು ತೋರಿಸಿದ ಮೇಲೆ ರಸೀದಿಯನ್ನು ಇಳಿಸಿಕೊಂಡು, ಸಾಧ್ಯವಾದರೆ ಮುದ್ರಿಸಿ ಆರ್‌ಸಿಯ ಜೊತೆಗಿಡಿ.

ರಸ್ತೆಯಲ್ಲಿಯೇ ಕಟ್ಟುವುದಾದರೆ ಯಂತ್ರದಿಂದ ಬಂದ ಚೀಟಿ ಕೈಗೆ ಸಿಗುವವರೆಗೆ ಅಲ್ಲಿಂದ ಹೊರಡಬೇಡಿ. "ಅರ್ಧ ಕೊಟ್ಟು ಹೋಗ್ರಿ" ಎಂಬ ಮಾತಿಗೆ ಒಪ್ಪಿ ಚೀಟಿಯಿಲ್ಲದೆ ಕೊಟ್ಟ ಹಣ ಯಾವ ಲೆಕ್ಕದಲ್ಲಿಯೂ ಇರುವುದಿಲ್ಲ. ಅದೇ ಹೊತ್ತಿಗೆ ತೆಗೆದ ಚಿತ್ರದ ಮೇಲೆ ಮರುದಿನ ಪೂರ್ತಿ ಮೊತ್ತದ ಚಲನ್ ಬಂದರೆ ಕೇಳುವುದಕ್ಕೆ ನಿಮ್ಮ ಬಳಿ ಏನೂ ಇರುವುದಿಲ್ಲ. ಪರವಾನಗಿಯನ್ನು ಅಧಿಕಾರಿ ತೆಗೆದಿರಿಸಿಕೊಂಡರೆ ಅದಕ್ಕೂ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ. 206ನೇ ಕಲಂ ಪ್ರಕಾರ ಅದನ್ನು ಕೊಡಲೇಬೇಕು, ಪರವಾನಗಿ ಮರಳುವವರೆಗೆ ಅಥವಾ ಅದರಲ್ಲಿ ಬರೆದ ದಿನಾಂಕದವರೆಗೆ ಆ ಪತ್ರವೇ ಪರವಾನಗಿಯಂತೆ ನಡೆಯುತ್ತದೆ. ಮೂಲ ದಾಖಲೆಗಳು ಮನೆಯಲ್ಲಿದ್ದರೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 139 ವಿದ್ಯುನ್ಮಾನ ರೂಪದ ದಾಖಲೆಗಳನ್ನು ಒಪ್ಪುತ್ತದೆ. ಗ್ಯಾಲರಿಯಲ್ಲಿರುವ ಫೋಟೋ ಮಾತ್ರ ಇದಕ್ಕೆ ಸಾಟಿಯಲ್ಲ.

ರಿಯಾಯಿತಿಗೆ ಕಾಯಬೇಕೇ ಎಂದು ಕೆಲವರು ಕೇಳುತ್ತಾರೆ. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ರಾಜ್ಯ ಸರ್ಕಾರ ಬಾಕಿ ಸಂಚಾರ ದಂಡಗಳಿಗೆ ಶೇ 50ರ ರಿಯಾಯಿತಿ ಕೊಟ್ಟದ್ದು ನಿಜ. ಮುಂದಿನದು ಯಾವಾಗ, ಯಾವ ಚಲನ್‌ಗಳಿಗೆ ಎಂಬುದು ಆದೇಶ ಬಂದ ಮೇಲೆಯೇ ತಿಳಿಯುವಂಥದ್ದು. ₹250 ಉಳಿಸಲು ಎರಡು ವರ್ಷ ಕಾದು, ನಡುವೆ ನ್ಯಾಯಾಲಯದ ನೋಟಿಸ್ ಪಡೆಯುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ.

ಇನ್ನೊಂದು ಸಂಗತಿಯನ್ನು ಬಹುತೇಕರು ಗಮನಿಸಿಲ್ಲ. ರಾಜಿ ದಂಡ ಕಟ್ಟಿದ ಮಾತ್ರಕ್ಕೆ ಅಪರಾಧ ಅಳಿಸಿಹೋಗುವುದಿಲ್ಲ. ಅದೇ ತಪ್ಪನ್ನು ಮತ್ತೆ ಮಾಡಿದಾಗ, ಹಿಂದೆ ದಂಡ ಕಟ್ಟಿದ್ದನ್ನು ಮೊದಲನೆಯ ಸಲವೆಂದು ಎಣಿಸಿ ಎರಡನೆಯ ಸಲದ ಹೆಚ್ಚಿನ ದಂಡವನ್ನು ಹಾಕಬಹುದು. ಪರವಾನಗಿಯ ಮೇಲಿನ ಕ್ರಮವೂ ರಾಜಿಯಿಂದ ತಪ್ಪುವುದಿಲ್ಲ. ಇವೆರಡನ್ನೂ 200ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಹಂತ 5: ಒಪ್ಪದಿದ್ದರೆ ಲಿಖಿತವಾಗಿ ಹೇಳಿ

ಚಿತ್ರದಲ್ಲಿರುವುದು ನಿಮ್ಮ ಗಾಡಿಯಲ್ಲದಿದ್ದರೆ ಇ-ಚಲನ್ ತಾಣದ ದೂರು ವಿಭಾಗದಲ್ಲಿ ದೂರು ಸಲ್ಲಿಸಿ, ಜೊತೆಗೆ ಚಲನ್ ಹಾಕಿದ ಠಾಣೆಗೂ ಅರ್ಜಿ ಕೊಡಿ. ಅರ್ಜಿ ಉದ್ದವಾಗಿರಬೇಕಿಲ್ಲ. ಚಲನ್ ಸಂಖ್ಯೆ, ದಿನಾಂಕ, ನಿಮ್ಮ ಗಾಡಿಗೂ ಚಿತ್ರದ ಗಾಡಿಗೂ ಇರುವ ವ್ಯತ್ಯಾಸ ಇಷ್ಟನ್ನು ಬರೆದು, ಆರ್‌ಸಿಯ ಪ್ರತಿಯನ್ನೂ ನಿಮ್ಮ ಗಾಡಿಯ ಹಿಂದಿನ ಮತ್ತು ಪಕ್ಕದ ಫೋಟೋಗಳನ್ನೂ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಗಾಡಿ ನಿಮ್ಮದೇ ಆಗಿದ್ದು ಬೇರೊಬ್ಬರು ಓಡಿಸುತ್ತಿದ್ದರೆ ಚಾಲಕರ ಹೆಸರು, ವಿಳಾಸ, ಪರವಾನಗಿಯ ವಿವರವನ್ನು ಕೊಡುವುದು 133ನೇ ಕಲಂ ಪ್ರಕಾರ ಮಾಲೀಕರ ಹೊಣೆ. "ಯಾರೋ ಒಯ್ದಿದ್ದರು" ಎಂಬ ಉತ್ತರ ನಡೆಯುವುದಿಲ್ಲ.

ನಿಮ್ಮ ಫಲಕದ ಸಂಖ್ಯೆಯನ್ನೇ ಬೇರೊಂದು ಗಾಡಿಗೆ ಹಾಕಿಕೊಂಡಿದ್ದಾರೆ ಎಂಬ ಅನುಮಾನ ಬಂದರೆ ಅದು ಚಲನ್‌ನ ತಕರಾರಲ್ಲ, ಪೊಲೀಸ್ ದೂರಿನ ವಿಷಯ. ₹500 ಕಟ್ಟಿ ಸುಮ್ಮನಾದರೆ ಆ ಗಾಡಿಯನ್ನು ನಿಮ್ಮದೆಂದು ನೀವೇ ಒಪ್ಪಿದಂತಾಗುತ್ತದೆ. ಅದು ಅಪಘಾತ ಮಾಡಿದ ದಿನ ಏನಾದೀತು ಎಂದು ಯೋಚಿಸಿ.

ಹಂತ 6: ನ್ಯಾಯಾಲಯಕ್ಕೆ ಹೋಗಿದ್ದರೆ

ಕಟ್ಟದೆ ಉಳಿದ ಚಲನ್ ಮುಂದಕ್ಕೆ ವರ್ಚುವಲ್ ಕೋರ್ಟ್‌ಗೆ, ಅಂದರೆ ಆನ್‌ಲೈನ್‌ನಲ್ಲಿಯೇ ನಡೆಯುವ ನ್ಯಾಯಾಲಯಕ್ಕೆ ಹೋಗಬಹುದು. ಇದರ ತಾಣದ ವಿಳಾಸವೂ ಜಿಒವಿ, ಇನ್ ಎಂದೇ ಮುಗಿಯುತ್ತದೆ. ಅಲ್ಲಿ ಕರ್ನಾಟಕದ ಸಂಚಾರ ವಿಭಾಗವನ್ನು ಆರಿಸಿ ಗಾಡಿಯ ಸಂಖ್ಯೆ ಹಾಕಿದರೆ ಪ್ರಕರಣ ಕಾಣುತ್ತದೆ. ನ್ಯಾಯಾಲಯ ಸೂಚಿಸಿದ ದಂಡ ಕಟ್ಟುತ್ತೇನೆ, ಪ್ರಕರಣವನ್ನು ಎದುರಿಸುತ್ತೇನೆ ಎಂಬ ಎರಡು ಆಯ್ಕೆಗಳಿರುತ್ತವೆ. ಎರಡನೆಯದನ್ನು ಒತ್ತಿದರೆ ಪ್ರಕರಣ ಆ ವ್ಯಾಪ್ತಿಯ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ ಮತ್ತು ನೀವು ಅಲ್ಲಿ ಹಾಜರಾಗಬೇಕಾಗುತ್ತದೆ. ಕುತೂಹಲಕ್ಕೆ ಅದನ್ನು ಒತ್ತಬೇಡಿ. ಬೆಂಗಳೂರಿನ ಚಲನ್ ಆಗಿದ್ದರೆ ಕುಷ್ಟಗಿಯಿಂದ ಬೆಂಗಳೂರಿಗೆ ಓಡಾಡಬೇಕಾಗುತ್ತದೆ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನಡೆಸುವ ಲೋಕ ಅದಾಲತ್‌ನಲ್ಲಿಯೂ ರಾಜಿಯಾಗಬಲ್ಲ ಪ್ರಕರಣಗಳನ್ನು ಮುಗಿಸಿಕೊಳ್ಳಬಹುದು. ದಿನಾಂಕವನ್ನು ಮೊದಲೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿಡಿ.

ಕುಡಿದು ಓಡಿಸಿದ ಪ್ರಕರಣಕ್ಕೆ ಇದಾವುದೂ ಅನ್ವಯಿಸುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ 185ನೇ ಕಲಂ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ ₹10,000 ದಂಡ ಅಥವಾ ಎರಡೂ. ನ್ಯಾಯಾಲಯಕ್ಕೆ ಹೋಗಲೇಬೇಕು.

ನಮ್ಮ ಜಿಲ್ಲೆಗಳಲ್ಲಿ ಪದೇಪದೇ ಎಡವುವ ಮೂರು ಕಡೆ

ಮೊದಲನೆಯದು ಮಕ್ಕಳ ಕೈಗೆ ಸ್ಕೂಟಿ ಕೊಡುವುದು. 16 ವರ್ಷವಾದವರಿಗೆ ಸಿಗುವುದು 50 ಸಿಸಿ ಮೀರದ, ಗೇರ್ ಇಲ್ಲದ ಬೈಕಿನ ಪರವಾನಗಿ ಮಾತ್ರ. ಟ್ಯೂಷನ್‌ಗೆ ಒಯ್ಯುವ 110 ಸಿಸಿ ಸ್ಕೂಟರ್ ಅದರಲ್ಲಿ ಬರುವುದಿಲ್ಲ. ಅಪ್ರಾಪ್ತರು ಓಡಿಸಿ ಅಪರಾಧವಾದರೆ 199ಎ ಕಲಂ ಪ್ರಕಾರ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆ ಮತ್ತು ₹25,000 ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ.

ಎರಡನೆಯದು ಸರಕಿನ ಗಾಡಿಯಲ್ಲಿ ಜನ. ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಬೆಳಗಿನ ಆರಕ್ಕೆ ಹೊರಡುವ ಗೂಡ್ಸ್ ಗಾಡಿಗಳಲ್ಲಿ ಇಪ್ಪತ್ತು ಮಂದಿ ಹೆಣ್ಣಾಳುಗಳು ನಿಂತಿರುತ್ತಾರೆ. ಚಲನ್‌ನ ಮೊತ್ತ ಇಲ್ಲಿ ಸಣ್ಣ ಸಂಗತಿ. ಗಾಡಿ ಉರುಳಿದರೆ, ಸರಕಿನ ಒಡೆಯ ಅಥವಾ ಅವರ ಪ್ರತಿನಿಧಿಯ ಹೊರತು ಹಾಗೆ ಹತ್ತಿಸಿಕೊಂಡವರಿಗೆ ಸರಕು ವಾಹನದ ವಿಮೆ ರಕ್ಷಣೆ ಕೊಡುವುದಿಲ್ಲ. ಪರಿಹಾರ ಮಾಲೀಕರ ಹೊಲ ಮನೆಯ ಮೇಲೆ ಬರುತ್ತದೆ. ಲಾರಿಯವರಿಗೂ ಒಂದು ಮಾತು: ಮಿತಿ ಮೀರಿದ ಭಾರಕ್ಕೆ 194ನೇ ಕಲಂ ₹20,000, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ ₹2,000 ವಿಧಿಸುತ್ತದೆ, ಹೆಚ್ಚುವರಿ ಸರಕನ್ನು ಇಳಿಸುವ ಖರ್ಚೂ ನಿಮ್ಮದೇ.

ಮೂರನೆಯದು ಗಾಡಿ ಮಾರಿ ಹೆಸರು ಬದಲಿಸದಿರುವುದು. ನನ್ನ ಹಳೆಯ ಸ್ಕೂಟರನ್ನು ನಂಬಿಕೆಯ ಮೇಲೆ ಕೊಟ್ಟು, ಎರಡು ವರ್ಷದ ಮೇಲೆ ನಾನೆಂದೂ ಕಾಣದ ಊರಿನ ನಾಲ್ಕು ಚಲನ್‌ಗಳನ್ನು ನನ್ನ ಹೆಸರಿನಲ್ಲಿ ನೋಡಿದವನು ನಾನು. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಅಪಘಾತದ ಪ್ರಕರಣವೊಂದರಲ್ಲಿ ಹೇಳಿದೆ. ಆದ್ದರಿಂದ ಮಾರಿದ 14 ದಿನಗಳೊಳಗೆ ಮಾರಿದವರು ಫಾರ್ಮ್ 29ರಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನಗಳೊಳಗೆ ಫಾರ್ಮ್ 30ರಲ್ಲಿ ಅರ್ಜಿ ಹಾಕಬೇಕು. ಗಾಡಿ ಆದೋನಿಗೋ ಮೆಹಬೂಬ್‌ನಗರಕ್ಕೋ ಹೋಗುವುದಾದರೆ ಫಾರ್ಮ್ 28ರ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು. ಬಾಕಿ ಚಲನ್‌ಗಳಿದ್ದರೆ ಈ ಅರ್ಜಿಗಳು ಅಲ್ಲಿಯೇ ನಿಲ್ಲಬಹುದಾದ್ದರಿಂದ ಗಿರಾಕಿ ಬರುವ ಮೊದಲೇ ಎರಡನೆಯ ಹಂತದ ಹುಡುಕಾಟವನ್ನು ಮುಗಿಸಿ. ಖಾಲಿ ಫಾರ್ಮ್‌ಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಡಬೇಡಿ. ಕೊಂಡವರ ಆಧಾರ್ ಪ್ರತಿ, ಗಾಡಿ ಕೈಬಿಟ್ಟ ದಿನಾಂಕ ಮತ್ತು ಸಮಯ ಬರೆದು ಇಬ್ಬರೂ ಸಹಿ ಮಾಡಿದ ಪತ್ರ, ಫಾರ್ಮ್ 29ರ ಸ್ವೀಕೃತಿ ಇವು ಮೂರನ್ನು, ಆನ್‌ಲೈನ್ ತಾಣದಲ್ಲಿ ಹೊಸ ಮಾಲೀಕರ ಹೆಸರು ಕಾಣುವವರೆಗೆ ಜೋಪಾನವಾಗಿಡಿ.